ಕಾರಿನ ಆಯುಷ್ಯ: ಕಂಪನಿ ಕೊಟ್ಟದ್ದೆಷ್ಟು, ನಾವು ಉಳಿಸಿದ್ದೆಷ್ಟು?

ಗಲ್ಫಿನಿಂದ ಮಗ ರಜೆಯಲ್ಲಿ ಬರುತ್ತಾನೆ ಎಂಬ ಸುದ್ದಿ ಸಿಕ್ಕಿದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಈ ಸಲ ಕಾರು ತೆಗೆಯುವುದಾ? ತೆಗೆದರೆ ಯಾವುದು? ಹೊಸತಾ, ಸೆಕೆಂಡ್ ಹ್ಯಾಂಡಾ? ಮಾವ ಟೊಯೋಟಾ ಅನ್ನುತ್ತಾರೆ. ಭಾವ ಮಾರುತಿ ಅನ್ನುತ್ತಾನೆ. ಪಕ್ಕದ ಮನೆಯವರು ಹೊಸ ಮಾದರಿಯ ಯಾವುದೋ ದೊಡ್ಡ ಗಾಡಿಯ ಹೆಸರು ಹೇಳುತ್ತಾರೆ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಯಾವ ಕಂಪನಿಯ ಕಾರು ಹೆಚ್ಚು ಕಾಲ ಬಾಳಿಕೆ ಬರುತ್ತದೆ?

ಇದು ಹೊತ್ತು ಕಳೆಯುವ ಮಾತಲ್ಲ. ಮನೆ ಕಟ್ಟಿಸುವುದು, ಹೆಣ್ಣುಮಕ್ಕಳ ಮದುವೆ, ಇವೆರಡು ಬಿಟ್ಟರೆ ನಮ್ಮಲ್ಲಿ ಬಹಳ ಕುಟುಂಬಗಳು ಒಮ್ಮೆಗೇ ದೊಡ್ಡ ಮೊತ್ತ ಹಾಕುವುದು ಕಾರಿಗೆ. ಆ ಹಣ ಬಂದದ್ದು ಎಲ್ಲಿಂದ? ಮರಳುಗಾಡಿನ ಬಿಸಿಲಲ್ಲಿ, ಸೂಪರ್ ಮಾರ್ಕೆಟಿನ ಕೌಂಟರಿನಲ್ಲಿ ಮಗನೋ ಗಂಡನೋ ವರ್ಷಗಟ್ಟಲೆ ನಿಂತು ದುಡಿದದ್ದು. ಆ ಹಣದಿಂದ ಬಂದ ಕಾರು 15 ವರ್ಷ ಓಡಿದರೆ ಒಂದು ಲೆಕ್ಕ, 5 ವರ್ಷದಲ್ಲಿ ಗುಜರಿಗೆ ಹೋದರೆ ಬೇರೆಯೇ ಲೆಕ್ಕ. ಹಾಗಾಗಿ ಈ ವಾರ ನಾವು ಕಾರಿನ ಆಯುಷ್ಯದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ರಸ್ತೆ ಕೊಟ್ಟ ಸಾಕ್ಷಿ

ಮೊದಲು ನಮ್ಮ ದೇಶದ ರಸ್ತೆಯಲ್ಲೇ ದೀರ್ಘಕಾಲ ಬಾಳಿದ ಗಾಡಿಗಳನ್ನು ನೆನಪಿಸಿಕೊಳ್ಳೋಣ. ನಮ್ಮ ಹಿರಿಯರಿಗೆ ಕಾರು ಅಂದರೆ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಈ ಗಾಡಿ 1950ರ ದಶಕದ ಕೊನೆಯಲ್ಲಿ ಶುರುವಾಗಿ 2014ರಲ್ಲಿ ನಿಂತಿತು. ಅರ್ಧ ಶತಮಾನಕ್ಕೂ ಮಿಕ್ಕಿ ಹೆಚ್ಚುಕಡಿಮೆ ಒಂದೇ ಆಕಾರ. ಬಾಡಿಗೆಗೆ ಓಡುತ್ತಿದ್ದ ಅಂಬಾಸಿಡರಿನಲ್ಲಿ ಎಷ್ಟು ಜನ ಹತ್ತುತ್ತಿದ್ದರು ಎಂದು ಕೇಳಬೇಡಿ. ಡ್ರೈವರನ ಬಲಬದಿಯಲ್ಲೂ ಒಬ್ಬರು ಕೂತಿರುತ್ತಿದ್ದರು!

ಮುಂಬೈಗೆ ಹೋಗಿ ಬಂದವರಿಗೆ ಪ್ರೀಮಿಯರ್ ಪದ್ಮಿನಿ ಗೊತ್ತು. ಫಿಯೆಟ್ ಕಂಪನಿಯ ವಿನ್ಯಾಸದ ಆ ಕಪ್ಪು ಹಳದಿ ಟ್ಯಾಕ್ಸಿ. ಮುಂಬೈಯಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಉಂಟು. ಆ ಮಿತಿ ಮುಗಿದದ್ದರಿಂದ 2023ರ ಅಕ್ಟೋಬರ್ ಕೊನೆಯಲ್ಲಿ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು. ಗಮನಿಸಬೇಕಾದ್ದು ಏನೆಂದರೆ, ಅದನ್ನು ಇಳಿಸಿದ್ದು ಇಂಜಿನ್ ಅಲ್ಲ, ಕಾನೂನು.

ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ನಿಂತದ್ದು 2014ರ ಜನವರಿಯಲ್ಲಿ. ಅದೇ 796 ಸಿಸಿಯ ಮೂರು ಸಿಲಿಂಡರಿನ ಇಂಜಿನನ್ನು ಸೀಟಿನಡಿ ಇಟ್ಟುಕೊಂಡು 1984ರಲ್ಲಿ ಬಂದ ವ್ಯಾನೇ ಮುಂದೆ ಓಮ್ನಿ ಎಂದು ಹೆಸರಾಯಿತು. 2019ರವರೆಗೆ ಅದರ ತಯಾರಿ ನಡೆಯಿತು. ಮದರಸಕ್ಕೆ, ಶಾಲೆಗೆ ಮಕ್ಕಳನ್ನು ತರುವ ಓಮ್ನಿ, ಬಂದರಿನಿಂದ ಮೀನು ತರುವ ಓಮ್ನಿ, ಬಟ್ಟೆ ವ್ಯಾಪಾರದ ಓಮ್ನಿ, ಮರಣ ಸಂಭವಿಸಿದಾಗ ರಾತ್ರೋರಾತ್ರಿ ಕುಟುಂಬವನ್ನು ಊರಿಗೆ ಮುಟ್ಟಿಸುವ ಓಮ್ನಿ. ನಮ್ಮ ಎಷ್ಟು ಕುಟುಂಬಗಳ ರಿಝ್ಕ್ ಆ ಚಿಕ್ಕ ಗಾಡಿಯ ಚಕ್ರದ ಮೇಲೆ ಓಡಿತು ಎಂಬುದಕ್ಕೆ ಲೆಕ್ಕವಿಲ್ಲ.

ಘಟ್ಟದ ಬುಡದ ಊರುಗಳಿಗೆ, ಅಂದರೆ ಬೆಳ್ತಂಗಡಿ, ಸುಳ್ಯದ ಒಳಭಾಗಗಳಿಗೆ ಮಹೀಂದ್ರಾ ಜೀಪೇ ಗತಿಯಾಗಿತ್ತು. ಮತ್ತೆ 2000ನೇ ಇಸವಿಯಲ್ಲಿ ಬೆಂಗಳೂರು ಸಮೀಪದ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಕ್ವಾಲಿಸ್ ಬಂತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ವಿಮಾನ ನಿಲ್ದಾಣದಿಂದ ಮಗನನ್ನು ಕರೆತರಲು ಇಡೀ ಕುಟುಂಬ ಹತ್ತಿ ಹೋಗುವುದೆಂದರೆ ಇವತ್ತಿಗೂ ಇನ್ನೋವಾವೇ. ಇನ್ನೋವಾ 3 ಲಕ್ಷ, 4 ಲಕ್ಷ ಕಿಲೋಮೀಟರ್ ದಾಟಿದರೂ ನಮ್ಮ ಬಾಡಿಗೆ ಗಾಡಿಯವರು ಅದನ್ನು ಮುದುಕ ಅನ್ನುವುದಿಲ್ಲ.

ಹೊರದೇಶದಲ್ಲೂ ಇದೇ ಮಾತು. ಅಮೆರಿಕದ ಐಸೀಕಾರ್ಸ್ ಎಂಬ ಸಂಸ್ಥೆ ಹಳೆ ಕಾರುಗಳ ಮೀಟರ್ ಲೆಕ್ಕ ನೋಡಿ ದೀರ್ಘಾಯುಷಿ ಗಾಡಿಗಳ ಪಟ್ಟಿ ಮಾಡುತ್ತದೆ. 2022ರ ಪಟ್ಟಿಯಲ್ಲಿ ಮೊದಲ ಎರಡು ಸ್ಥಾನ ಟೊಯೋಟಾದ ಸಿಕೋಯಾ ಮತ್ತು ಲ್ಯಾಂಡ್ ಕ್ರೂಸರಿಗೆ. ಗಲ್ಫಿನಲ್ಲಿದ್ದವರಿಗೆ ಇದು ಹೊಸ ಸುದ್ದಿಯಲ್ಲ. ಅಲ್ಲಿ ಹಳ್ಳಿಯ ಅರಬಿಯ ತೋಟದಲ್ಲಿ ಲ್ಯಾಂಡ್ ಕ್ರೂಸರ್, ಹೈಲಕ್ಸ್ ಪಿಕಪ್ ನೋಡದವರು ಯಾರು? ಲ್ಯಾಂಡ್ ಕ್ರೂಸರಿನ 70 ಸರಣಿಯ ಗಾಡಿ ಶುರುವಾದದ್ದು 1984ರಲ್ಲಿ. ಇವತ್ತಿಗೂ ಅದರ ತಯಾರಿ ನಿಂತಿಲ್ಲ.

ಬಾಳಿಕೆಯ ಗುಟ್ಟು ಏನು?

ಹಾಗಾದರೆ ಹೆಸರು ನೋಡಿ ತೆಗೆದರೆ ಸಾಕಲ್ಲ ಎಂದು ನೀವು ಕೇಳಬಹುದು. ಸಾಲದು. ಈ ಗಾಡಿಗಳೆಲ್ಲ ಬಾಳಿದ್ದಕ್ಕೆ ಕೆಲವು ಕಾರಣಗಳಿವೆ. ಅವನ್ನು ತಿಳಿದರೆ ಹೆಸರಿನ ಹಿಂದೆ ಓಡುವುದು ಕಡಿಮೆಯಾಗುತ್ತದೆ.

ಒಂದು, ಯಂತ್ರದ ಸರಳತೆ. ಅಂಬಾಸಿಡರ್, ಜೀಪು, ಹಳೆ 800 ಇವುಗಳನ್ನು ರಸ್ತೆಬದಿಯಲ್ಲೇ ಬಿಚ್ಚಿ ಜೋಡಿಸಬಹುದಿತ್ತು. ಹಾಳಾಗುವ ಭಾಗಗಳೇ ಕಡಿಮೆ.

ಎರಡು, ಬಿಡಿಭಾಗ. ಕಾರು ಸಾಯುವುದು ಇಂಜಿನ್ ಹೋದಾಗ ಅಲ್ಲ, ಸ್ಪೇರ್ ಸಿಗದಾಗ. 800 ಮತ್ತು ಓಮ್ನಿಯ ಎಷ್ಟೋ ಸಾಮಾನು ಒಂದೇ. ಯಾವ ಪೇಟೆಯ ಅಂಗಡಿಗೆ ಹೋದರೂ ಸಿಗುತ್ತದೆ. ಅದೇ ಜನರಲ್ ಮೋಟಾರ್ಸ್ ಕಂಪನಿ 2017ರ ಕೊನೆಗೆ ಭಾರತದಲ್ಲಿ ಶೆವರ್ಲೆ ಕಾರುಗಳ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಕೂಡ ಇಲ್ಲಿ ಕಾರು ತಯಾರಿ ನಿಲ್ಲಿಸುವುದಾಗಿ ಹೇಳಿತು. ನಮ್ಮೂರಿನಲ್ಲಿ ತವೇರಾ ಓಡಿಸಿದವರು ತುಂಬಾ ಮಂದಿ ಇದ್ದರು, ಗಟ್ಟಿ ಗಾಡಿ. ಆದರೆ ಕಂಪನಿ ಹೋದ ಮೇಲೆ ಮಾಲಕನಿಗೆ ಪ್ರತಿ ಸಾಮಾನಿಗೂ ಹುಡುಕಾಟ. ಹಾಗಾಗಿ ಹಳೆ ಕಾರು ತೆಗೆಯುವಾಗ "ಇದರ ಕಂಪನಿ ಈಗಲೂ ಇಲ್ಲಿ ಉಂಟಾ? ಸಾಮಾನು ನಮ್ಮ ಪೇಟೆಯಲ್ಲಿ ಸಿಗುತ್ತದಾ?" ಎಂದು ಮೊದಲು ಕೇಳಬೇಕು.

ಮೂರು, ಓಡುವ ರೀತಿ. ಇದು ಹೆಚ್ಚಿನವರು ಯೋಚಿಸದ ವಿಷಯ. ಒಂದು ಟೂರಿಸ್ಟ್ ಇನ್ನೋವಾ ತಿಂಗಳಿಗೆ 5,000 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 60,000, ಐದು ವರ್ಷಕ್ಕೆ 3 ಲಕ್ಷ. ಅದರಲ್ಲಿ ಹೆಚ್ಚಿನದು ಬೆಂಗಳೂರು, ಮೈಸೂರು, ಕಲ್ಲಿಕೋಟೆ ಎಂದು ಹೆದ್ದಾರಿಯ ಓಟ. ಇಂಜಿನ್ ಬಿಸಿಯಾಗಿ ಒಂದೇ ಹದದಲ್ಲಿ ತಿರುಗುತ್ತದೆ. ನಮ್ಮ ಮನೆಯ ಕಾರು ಓಡುವುದು ತಿಂಗಳಿಗೆ 600 ಕಿಲೋಮೀಟರ್. ವರ್ಷಕ್ಕೆ 7,200. ಹದಿನೈದು ವರ್ಷಕ್ಕೂ 1 ಲಕ್ಷದ ಆಸುಪಾಸು. ಹಾಗಾದರೆ ಮನೆ ಕಾರು ಹೆಚ್ಚು ಗಟ್ಟಿಯಾಗಿ ಉಳಿಯಬೇಕಲ್ಲ? ಹಾಗೇನಿಲ್ಲ. ಮನೆಯಿಂದ ಮಸೀದಿಗೆ, ಅಂಗಡಿಗೆ, ತಂಗಿಯ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡಿದರೆ ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ಆಯಿಲ್‌ನಲ್ಲಿ ತೇವ ಉಳಿಯುತ್ತದೆ, ಬ್ಯಾಟರಿ ತುಂಬುವುದಿಲ್ಲ. ಬಾಡಿಗೆ ಗಾಡಿಯನ್ನು ಕಿಲೋಮೀಟರ್ ಮುದಿಯಾಗಿಸುತ್ತದೆ, ಮನೆ ಗಾಡಿಯನ್ನು ವರ್ಷಗಳು ಮುದಿಯಾಗಿಸುತ್ತವೆ.

ಡೀಸೆಲ್ ಕಾರಿನ ಮೇಲೆ ಮೋಹ ಇರುವವರಿಗೆ ಒಂದು ಕಿವಿಮಾತು. 2020ರ ಎಪ್ರಿಲಿನಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಆಗಾಗ ಹೆದ್ದಾರಿಯಲ್ಲಿ ಓಡಿ ಬಿಸಿಯಾದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಊರೊಳಗೇ ಸುತ್ತಿದರೆ ಕಟ್ಟಿಕೊಳ್ಳುತ್ತದೆ, ಅದರ ರಿಪೇರಿ ದುಬಾರಿ. ತಿಂಗಳಿಗೆ ಐನೂರು ಆರುನೂರು ಕಿಲೋಮೀಟರ್ ಓಡಿಸುವ ಮನೆಗೆ ಪೆಟ್ರೋಲ್ ಕಾರೇ ಸಾಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು ಉಪಚಾರ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇರ್ವ್ ಗೋರ್ಡನ್ ಎಂಬ ವಿಜ್ಞಾನ ಅಧ್ಯಾಪಕರಿದ್ದರು. 1966ರಲ್ಲಿ ಒಂದು ವೋಲ್ವೋ ಕಾರು ತೆಗೆದರು. ಅದೇ ಕಾರಿನಲ್ಲಿ 2013ರಲ್ಲಿ 30 ಲಕ್ಷ ಮೈಲಿ ಪೂರೈಸಿದರು. ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿಲೋಮೀಟರ್! ಒಬ್ಬನೇ ಮಾಲಕ ಓಡಿಸಿದ ದೂರಕ್ಕೆ ಗಿನ್ನೆಸ್ ದಾಖಲೆಯೂ ಅವರದೇ. 2018ರಲ್ಲಿ ಅವರು ತೀರಿಹೋದರು. ಅದೇ ಮಾದರಿಯ ಕಾರನ್ನು ಆ ಕಾಲದಲ್ಲಿ ಸಾವಿರಾರು ಜನ ತೆಗೆದಿದ್ದರು, ಬೇರೆ ಯಾರದ್ದೂ ಅಷ್ಟು ಓಡಲಿಲ್ಲ. ಕಂಪನಿಯ ಪುಸ್ತಕದಲ್ಲಿ ಬರೆದ ಸಮಯಕ್ಕೆ ಸರಿಯಾಗಿ ಸರ್ವಿಸ್ ಮಾಡಿಸುವುದು, ಸಣ್ಣ ಶಬ್ದ ಬಂದರೂ ನಿರ್ಲಕ್ಷಿಸದಿರುವುದು, ಇದೇ ಅವರ ಗುಟ್ಟು. ಸಂಬಳದಲ್ಲಿ ಬದುಕುವ ಒಬ್ಬ ಮೇಷ್ಟ್ರು ಮಾಡಿದ್ದು ಇದು, ಶ್ರೀಮಂತನಲ್ಲ.

ನಮ್ಮ ಕರಾವಳಿಯ ಶತ್ರುಗಳು

ಒಳನಾಡಿನ ಬಿಜಾಪುರ, ಬಳ್ಳಾರಿಯಲ್ಲಿ 20 ವರ್ಷ ನಿಂತ ಕಾರಿನ ತಗಡು ಮತ್ತು ಉಳ್ಳಾಲ, ಸುರತ್ಕಲ್‌ನಲ್ಲಿ 20 ವರ್ಷ ನಿಂತ ಕಾರಿನ ತಗಡು ಒಂದೇ ರೀತಿ ಇರುವುದಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರ ಜೊತೆ ಕಡಲಿನ ಉಪ್ಪುಗಾಳಿ. ಇಲ್ಲಿ ಇಂಜಿನ್ ಗಟ್ಟಿ ಇರುವಾಗಲೇ ಬಾಡಿ ತುಕ್ಕು ಹಿಡಿದು ಹೋಗುವುದೇ ಹೆಚ್ಚು.

ತುಕ್ಕು ಶುರುವಾಗುವುದು ನಮಗೆ ಕಾಣದ ಜಾಗದಲ್ಲಿ. ಬಾಗಿಲಿನ ಅಡಿಭಾಗದಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಕೆಸರು ಕಟ್ಟಿ ಅವು ಮುಚ್ಚಿದರೆ ನೀರು ಬಾಗಿಲಿನೊಳಗೇ ನಿಲ್ಲುತ್ತದೆ. ಮುಂಗಾಜಿನ ಬುಡದಲ್ಲಿ ಹಲಸಿನ, ಮಾವಿನ ಎಲೆ ಸೇರಿ ಕೊಳೆತರೆ ಅಲ್ಲಿಯೂ ಅದೇ ಕತೆ. ಕಾರಿನೊಳಗೆ ಹಾಸಿದ ಮ್ಯಾಟಿನಡಿ ಒದ್ದೆಯಿದ್ದರೆ ನೆಲದ ತಗಡು ಒಳಗಿನಿಂದಲೇ ತಿನ್ನಿಸಿಕೊಳ್ಳುತ್ತದೆ. ಮೀನು ವ್ಯಾಪಾರದ ಗಾಡಿಗಳಿಗಂತೂ ದೊಡ್ಡ ಪರೀಕ್ಷೆ. ಐಸ್ ಕರಗಿ ಇಳಿಯುವ ಉಪ್ಪುನೀರು ತಗಡಿಗೆ ವಿಷವೇ ಸರಿ. ಆ ಗಾಡಿಗಳನ್ನು ಪ್ರತಿದಿನ ಒಳ್ಳೆ ನೀರಿನಿಂದ ತೊಳೆದು ಒಣಗಿಸಲೇಬೇಕು.

ಕಡಲ ಬದಿಗೆ ಹೋಗಿ ಬಂದರೆ ಅಡಿಭಾಗವನ್ನೂ ಸೇರಿಸಿ ತೊಳೆಯುವುದು, ಮಳೆಗಾಲ ಮುಗಿದ ಕೂಡಲೇ ಒಮ್ಮೆ ಗಾಡಿಯನ್ನು ಎತ್ತಿಸಿ ಅಡಿ ನೋಡುವುದು, ಗೀರು ಬಿದ್ದಲ್ಲಿ ಪೈಂಟ್ ಮುಟ್ಟಿಸುವುದು, ಇಷ್ಟು ಮಾಡಿದರೆ ಸಾಕು. ತುಕ್ಕು ನಾಣ್ಯದಷ್ಟು ಇರುವಾಗ ಟಿಂಕರಿಂಗಿಗೆ ಕೊಟ್ಟರೆ ಕಡಿಮೆ ಖರ್ಚು. ತಟ್ಟೆಯಷ್ಟಾದ ಮೇಲೆ ಕೊಟ್ಟರೆ ಬಿಲ್ ನೋಡಿ ತಲೆ ತಿರುಗುತ್ತದೆ.

ಹನ್ನೊಂದು ತಿಂಗಳು ಮಲಗುವ ಕಾರು

ನಮ್ಮ ಸಮುದಾಯದಲ್ಲಿ ವಿಶೇಷವಾಗಿ ಕಾಣುವ ಇನ್ನೊಂದು ಸಮಸ್ಯೆ ಉಂಟು. ಮಗ ರಜೆಯಲ್ಲಿ ಬಂದು ಕಾರು ತೆಗೆಯುತ್ತಾನೆ. ನಲ್ವತ್ತು ದಿನ ಓಡಿಸುತ್ತಾನೆ. ಹಿಂದಿರುಗುವಾಗ ಕವರ್ ಹಾಕಿ ಶೆಡ್ಡಿನಲ್ಲಿ ನಿಲ್ಲಿಸಿ ಹೋಗುತ್ತಾನೆ. "ಯಾರೂ ಮುಟ್ಟಬೇಡಿ, ಹಾಳು ಮಾಡ್ತೀರಿ" ಎಂದು ತಮ್ಮನಿಗೆ ಎಚ್ಚರಿಕೆ ಬೇರೆ. ಮುಂದಿನ ವರ್ಷ ಬಂದು ಕವರ್ ತೆಗೆದರೆ ಬ್ಯಾಟರಿ ಸತ್ತಿರುತ್ತದೆ, ಬ್ರೇಕ್ ಹಿಡಿದುಕೊಂಡಿರುತ್ತದೆ, ಟಯರು ಒಂದೇ ಕಡೆ ಚಪ್ಪಟೆಯಾಗಿರುತ್ತದೆ. ಇಲಿ ವಯರ್ ಕಡಿದು ಬಾನೆಟ್ಟಿನೊಳಗೆ ಗೂಡು ಕಟ್ಟಿರುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಡಿ ತೇವ ಕೂತು ತುಕ್ಕು ಹಿಡಿದಿರುತ್ತದೆ. ಓಡಿಸಿ ಹಾಳಾಗುವುದಕ್ಕಿಂತ ಓಡಿಸದೆ ಹಾಳಾದದ್ದೇ ಹೆಚ್ಚು.

ಇದಕ್ಕೆ ದಾರಿ ಸುಲಭ. ಮನೆಯಲ್ಲಿ ಲೈಸೆನ್ಸ್ ಇರುವ ಒಬ್ಬರಿಗೆ ಜವಾಬ್ದಾರಿ ಕೊಡಿ. ತಮ್ಮ ಇರಬಹುದು, ತಂಗಿ ಇರಬಹುದು, ಹೆಂಡತಿಯೇ ಇರಬಹುದು. ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಲಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡಿದರೆ ಪ್ರಯೋಜನವಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಡಬೇಡಿ, ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ಗೇರಿನಲ್ಲಿ ನಿಲ್ಲಿಸಿ. ಪ್ಲಾಸ್ಟಿಕ್ ಬೇಡ, ಗಾಳಿಯಾಡುವ ಬಟ್ಟೆಯ ಕವರ್ ಸಾಕು. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಇಂಜಿನ್ ಆಯಿಲ್ ಬದಲಾಗಲೇಬೇಕು.

ಉಳಿದ ನಿಯಮಗಳೂ ಕಷ್ಟದವಲ್ಲ. ಬಿಸಿಯ ಮುಳ್ಳು ಮೇಲೆ ಹೋದರೆ ಕೂಡಲೇ ಬದಿಗೆ ನಿಲ್ಲಿಸಬೇಕು. "ಇನ್ನು ಎರಡು ಕಿಲೋಮೀಟರ್ ಅಲ್ವಾ" ಎಂದು ಓಡಿಸಿ ಇಂಜಿನನ್ನೇ ಕಳಕೊಂಡವರು ಎಷ್ಟೋ ಮಂದಿ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ, ಹಳೆ 2.5 ಲೀಟರಿನ ಇನ್ನೋವಾದಲ್ಲೂ ಅದು ಉಂಟು, ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಅದನ್ನು ಬದಲಿಸಬೇಕು. ಓಡುವಾಗ ಅದು ತುಂಡಾದರೆ ಇಂಜಿನ್ನಿನ ಒಳಗಿನ ವಾಲ್ವುಗಳೇ ಬಗ್ಗಿಹೋಗಬಹುದು. ಕೆಲವು ಸಾವಿರ ಉಳಿಸಲು ಹೋಗಿ ಲಕ್ಷದ ಹತ್ತಿರ ಖರ್ಚು ಮಾಡಿದ ಹಾಗಾಗುತ್ತದೆ.

ಕಾನೂನಿನ ಆಯುಷ್ಯ

ಕಾರಿಗೆ ಕಾನೂನು ಕೊಟ್ಟ ಆಯುಷ್ಯವೂ ಒಂದುಂಟು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅದು ಮುಗಿದರೆ ಕಾರು ಗುಜರಿಗೆ ಎಂದು ಹಲವರು ತಿಳಿದುಕೊಂಡಿದ್ದಾರೆ. ನಮ್ಮ ರಾಜ್ಯದಲ್ಲಿ ಹಾಗಿಲ್ಲ. ಆರ್‌ಟಿಒಗೆ ಗಾಡಿ ತೋರಿಸಿ, ಫಿಟ್‌ನೆಸ್ ಪಾಸಾದರೆ ಐದು ವರ್ಷಕ್ಕೆ ನವೀಕರಣ ಆಗುತ್ತದೆ. ಮುಂದೆಯೂ ಐದೈದು ವರ್ಷಕ್ಕೆ ಮಾಡಿಸಬಹುದು. ಆದರೆ ಖರ್ಚು ಹೆಚ್ಚಿದೆ. ಕೇಂದ್ರ ಸರಕಾರ 2022ರ ಎಪ್ರಿಲಿನಿಂದ ಹಳೆ ಕಾರಿನ ನವೀಕರಣ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿತು. ಹಸಿರು ತೆರಿಗೆ ಬೇರೆ. 13, 14 ವರ್ಷದ ಕಾರು "ಬಹಳ ಕಡಿಮೆಗೆ ಸಿಕ್ಕಿತು" ಎಂದು ತೆಗೆಯುವವರು ಈ ಖರ್ಚನ್ನೂ ಪಾಸಿಂಗಿಗೆ ಮೊದಲು ಮಾಡಿಸಬೇಕಾದ ಟಿಂಕರಿಂಗನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದಿಲ್ಲಿಯ ಕತೆ ಬೇರೆ. ಅಲ್ಲಿನ ಹೊಗೆಯ ಕಾರಣಕ್ಕೆ 10 ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದರಿಂದ ಅಲ್ಲಿನ ಒಳ್ಳೊಳ್ಳೆ ಗಾಡಿಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬಂದವು. ದಿಲ್ಲಿ ಗಾಡಿ ಎಂದರೆ ಕೆಟ್ಟದ್ದು ಎಂದಲ್ಲ. ಆದರೆ ಎನ್‌ಒಸಿ ಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ನಮ್ಮ ರಾಜ್ಯದ ನಂಬರ್ ಮಾಡಿಸಬೇಕು, ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಬೇಕು. ಇವೆಲ್ಲ ಸೇರಿಸಿದ ಮೇಲೂ ಕಡಿಮೆ ಎಂದು ಕಂಡರೆ ಮಾತ್ರ ಮುಂದುವರಿಯಿರಿ. ಇನ್ನು "ಗಲ್ಫಿನಿಂದಲೇ ಒಂದು ಹಳೆ ಲ್ಯಾಂಡ್ ಕ್ರೂಸರ್ ತಂದರೆ ಹೇಗೆ?" ಎಂದು ಕೇಳುವ ಯುವಕರೂ ಇದ್ದಾರೆ. ಅಲ್ಲಿನ ಗಾಡಿಗೆ ಸ್ಟೇರಿಂಗ್ ಎಡಬದಿಯಲ್ಲಿ. ನಮ್ಮ ದೇಶಕ್ಕೆ ತರುವ ಹಳೆ ಕಾರು ಬಲಬದಿ ಸ್ಟೇರಿಂಗಿನದ್ದೇ ಆಗಿರಬೇಕು, ಮೂರು ವರ್ಷಕ್ಕಿಂತ ಹಳತಾಗಿರಬಾರದು. ಆ ಆಸೆ ಬಿಡುವುದೇ ಲೇಸು.

ಒದ್ದೆಯನ್ನು ಅಡಿಯಲ್ಲಿ ಮುಚ್ಚಿಟ್ಟರೆ

ಇಷ್ಟು ಹೇಳಿದ ಮೇಲೆ ನಾವು ಮುಖ್ಯ ಮಾತಿಗೆ ಬರುತ್ತೇವೆ. ನಮ್ಮಲ್ಲಿ ಹೆಚ್ಚಿನವರು ತೆಗೆಯುವುದು ಹಳೆ ಕಾರು. ಅದರ ಅರ್ಧ ಆಯುಷ್ಯ ಮೊದಲಿನ ಮಾಲಕನ ಕೈಯಲ್ಲೇ ಕಳೆದಿರುತ್ತದೆ. ಆ ಅರ್ಧದ ಸತ್ಯ ಗೊತ್ತಿರುವುದು ಅವನಿಗೆ ಮಾತ್ರ. ಅವನು ಸತ್ಯ ಹೇಳದಿದ್ದರೆ ಕಂಪನಿಯ ಹೆಸರು ಎಷ್ಟು ದೊಡ್ಡದಿದ್ದರೂ ಏನು ಪ್ರಯೋಜನ?

ಮೀಟರ್ ತಿರುಗಿಸುವ ವಿಷಯ ಎಲ್ಲರಿಗೂ ಗೊತ್ತು. ಎರಡೂವರೆ ಲಕ್ಷ ಓಡಿದ ಗಾಡಿಗೆ ತೊಂಬತ್ತು ಸಾವಿರ ಎಂದು ತೋರಿಸುತ್ತಾರೆ. ನೀರಿನಲ್ಲಿ ಮುಳುಗಿದ ಗಾಡಿಗಳದ್ದು ಇನ್ನೊಂದು ಮೋಸ. 2018ರ ಕೇರಳದ ನೆರೆಯಲ್ಲಿ ಎಷ್ಟೋ ಕಾರುಗಳು ಮುಳುಗಿದವು. 2024ರ ಎಪ್ರಿಲಿನಲ್ಲಿ ದುಬೈಯಲ್ಲಿ ಸುರಿದ ಮಳೆಗೆ ರಸ್ತೆಗಳಲ್ಲೇ ಕಾರುಗಳು ತೇಲಿದ್ದನ್ನು ನಮ್ಮ ಮಕ್ಕಳು ಕಣ್ಣಾರೆ ನೋಡಿದ್ದಾರೆ. ಇಂಥ ಗಾಡಿಯನ್ನು ಒಣಗಿಸಿ, ಸೀಟು ತೊಳೆದು, ಸುಗಂಧ ಹೊಡೆದು ನಿಲ್ಲಿಸಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಆರು ತಿಂಗಳ ಬಳಿಕ ಒಂದೊಂದೇ ವಯರು, ಒಂದೊಂದೇ ಸೆನ್ಸರು ಕೈಕೊಡುತ್ತದೆ.

ಪ್ರವಾದಿ ಮುಹಮ್ಮದ್ (ಸ.ಅ.) ಮದೀನಾದ ಸಂತೆಯಲ್ಲಿ ನಡೆಯುತ್ತಾ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆ ಮದರಸದ ಮಕ್ಕಳಿಗೂ ಗೊತ್ತು. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಒದ್ದೆಯನ್ನು ಮೇಲೆಯೇ ಇಡಬಾರದಿತ್ತೇ ಎಂದು ಪ್ರವಾದಿಯವರು ಕೇಳಿದರು. ಮೋಸ ಮಾಡುವವನು ನಮ್ಮ ಕೂಟಕ್ಕೆ ಸೇರಿದವನಲ್ಲ ಎಂದೂ ಎಚ್ಚರಿಸಿದರು. ಇಲ್ಲಿ ಗಮನಿಸಿ, ಆ ಧಾನ್ಯ ಮಾರಬೇಡ ಎಂದು ಅವರು ಹೇಳಲಿಲ್ಲ. ಒದ್ದೆಯಾದದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಮುಳುಗಿದ ಕಾರನ್ನೂ ಮಾರಬಹುದು. ಮುಳುಗಿದ್ದೆಂದು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಬೇಕು ಅಷ್ಟೆ. ಅಂಥ ಕಾರನ್ನು ಸಾಮಾನಿಗಾಗಿ ತೆಗೆಯುವ ಗುಜರಿಯವರೂ ಇದ್ದಾರೆ.

ನಮ್ಮ ಶಾಫಿಈ ಕರ್ಮಶಾಸ್ತ್ರದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಉಂಟು. ವಸ್ತುವಿನಲ್ಲಿ ಮೊದಲೇ ಇದ್ದ ದೋಷ ಖರೀದಿಯ ಬಳಿಕ ಗೊತ್ತಾದರೆ ಅದನ್ನು ಹಿಂದಿರುಗಿಸುವ ಹಕ್ಕು ಖರೀದಿಸಿದವನಿಗಿದೆ. ಇದನ್ನು ಖಿಯಾರುಲ್ ಐಬ್ ಎನ್ನುತ್ತಾರೆ. ಆದರೆ ದೋಷ ಗೊತ್ತಾದ ಮೇಲೆ ತಡಮಾಡಬಾರದು. ಗೊತ್ತಾಗಿಯೂ ಎರಡು ತಿಂಗಳು ಓಡಿಸಿ ಆಮೇಲೆ ಜಗಳಕ್ಕೆ ಹೋದರೆ ಹಕ್ಕು ಉಳಿಯುವುದಿಲ್ಲ. "ಇದ್ದ ಹಾಗೆ ಕೊಟ್ಟಿದ್ದೇನೆ, ಮತ್ತೆ ಕೇಳಬಾರದು" ಎಂದು ಒಂದು ಮಾತು ಹೇಳಿಬಿಟ್ಟರೆ ತಿಳಿದೂ ಮುಚ್ಚಿಟ್ಟ ದೋಷದ ಹೊಣೆಯಿಂದ ಮಾರಿದವನು ಪಾರಾಗುವುದಿಲ್ಲ. ನಡುವಿನ ಬ್ರೋಕರನಿಗೂ ಇದು ಅನ್ವಯಿಸುತ್ತದೆ. ದೋಷ ಗೊತ್ತಿದ್ದೂ ಕಮಿಷನಿಗಾಗಿ ಬಾಯಿ ಮುಚ್ಚಿದರೆ ಅವನೂ ಆ ಮೋಸದ ಪಾಲುದಾರ.

ಖರೀದಿಸುವವರೂ ಕಣ್ಣು ತೆರೆದಿರಬೇಕು. ನಮ್ಮವನೇ, ನಮ್ಮ ಜಮಾಅತಿನವನೇ ಎಂದು ಪರೀಕ್ಷಿಸದೆ ತೆಗೆದು, ಬಳಿಕ ಸಂಬಂಧವನ್ನೇ ಕೆಡಿಸಿಕೊಂಡ ಮನೆಗಳಿವೆ. ನೋಡಬೇಕಾದ್ದು ಇಷ್ಟು:

ಗಾಡಿಯನ್ನು ಹಗಲಿನಲ್ಲಿ ನೋಡಿ, ಮಳೆ ಬರುವಾಗ ನೋಡಬೇಡಿ. ನೀರು ಬಿದ್ದ ಪೈಂಟಿನಲ್ಲಿ ಟಿಂಕರಿಂಗಿನ ಗುರುತು ಕಾಣುವುದಿಲ್ಲ.

ಇಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಕೇಳಿ. ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ.

ಮೀಟರ್ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ಕಂಪನಿಯ ವರ್ಕ್‌ಶಾಪಿನಲ್ಲಿ ಸರ್ವಿಸ್ ಆಗಿದ್ದರೆ ಯಾವ ದಿನ ಎಷ್ಟು ಕಿಲೋಮೀಟರ್ ಎಂದು ಅಲ್ಲಿ ಬರೆದಿರುತ್ತದೆ. ಕ್ಲಚ್, ಬ್ರೇಕ್ ಪೆಡಲಿನ ರಬ್ಬರ್ ಮತ್ತು ಡ್ರೈವರ್ ಸೀಟು ಸವೆದದ್ದನ್ನೂ ನೋಡಿ. ಮೀಟರ್ ಸುಳ್ಳು ಹೇಳಿದರೂ ಅವು ಹೇಳುವುದಿಲ್ಲ.

ಮ್ಯಾಟ್ ಎತ್ತಿ ನೆಲದ ತಗಡು ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಮುಳುಗಿದ ಗಾಡಿಯಾದರೆ ಅದರ ಕೊನೆಯಲ್ಲಿ ಕೆಸರಿನ ಗೆರೆ ಉಳಿದಿರಬಹುದು.

ಆರ್‌ಸಿ, ಇನ್ಶೂರೆನ್ಸ್, ಬ್ಯಾಂಕಿನ ಸಾಲ ತೀರಿದ ಪತ್ರ ನೋಡದೆ ಮುಂಗಡ ಕೊಡಬೇಡಿ. ಕೊನೆಯಲ್ಲಿ ನಿಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ಸಾವಿರ ರೂಪಾಯಿ ಕೊಟ್ಟಾದರೂ ತೋರಿಸಿ. ಮಾರುವವರು ತಂದ ಮೆಕ್ಯಾನಿಕ್ ಬೇಡ.

ಹಣ ಹಾಕಿದ ಮೇಲೆ ಹೆಸರು ಬದಲಾಯಿಸುವುದನ್ನು ಎರಡೂ ಕಡೆಯವರು ಕೂಡಲೇ ಮಾಡಿಸಬೇಕು. ನಿಮ್ಮ ಹೆಸರಿನಲ್ಲೇ ಉಳಿದ ಗಾಡಿ ಎಲ್ಲೋ ಅಪಘಾತವಾದರೆ ನೋಟಿಸು ಬರುವುದು ನಿಮ್ಮ ಮನೆಗೆ.

ಸಾಲದ ಕಾರು, ಮದುವೆಯ ಕಾರು

ಒಳ್ಳೆಯ ಹಳೆ ಕಾರು ಹತ್ತು ವರ್ಷ ಬಾಳಿಕೆ ಬರುವಾಗ ಬಡ್ಡಿಯ ಸಾಲ ಮಾಡಿ ಹೊಸತು ತೆಗೆಯುವ ಅಗತ್ಯ ಎಷ್ಟು? ಏಳು ವರ್ಷದ ಕಂತು ಎಂದರೆ ಏಳು ವರ್ಷ ಪರದೇಶದಲ್ಲಿರುವ ಮಗನ ಹೆಗಲ ಮೇಲೆ ಭಾರ. ನಡುವೆ ಕೆಲಸ ಹೋದರೆ? ಬ್ಯಾಂಕು ಅಂಗಳದಿಂದ ಕಾರು ಎಳೆದುಕೊಂಡು ಹೋದ ಮನೆಗಳ ನೋವು ನಮ್ಮಲ್ಲಿ ಹಲವರಿಗೆ ಗೊತ್ತಿದೆ. ಕೈಯಲ್ಲಿ ಇರುವ ಹಣಕ್ಕೆ ಸಿಗುವ ಕಾರು ತೆಗೆದು, ಚೆನ್ನಾಗಿ ನೋಡಿಕೊಂಡು, ಬಡ್ಡಿಯಿಂದ ದೂರ ಇರುವುದು ದೀನಿಗೂ ದುನಿಯಾಕ್ಕೂ ಹಿತ.

ಇನ್ನು ಮದುವೆಯಲ್ಲಿ ಹೆಣ್ಣಿನ ಕಡೆಯಿಂದ ಕಾರು ಬಯಸುವುದು. ಬಾಯಿಬಿಟ್ಟು ಕೇಳದೆ "ನಿಮ್ಮ ಇಷ್ಟ" ಎಂದು ಸುತ್ತಿ ಕೇಳುವುದೂ ಕೇಳಿದಂತೆಯೇ. ಶೋರೂಮಿನಿಂದ ಹೊರಬಂದ ಕ್ಷಣದಿಂದ ಆ ಕಾರಿನ ಬೆಲೆ ಇಳಿಯುತ್ತದೆ. ಆದರೆ ಆ ತಂದೆ ಮಾಡಿದ ಸಾಲ ಇಳಿಯುವುದಿಲ್ಲ. ಮಹರ್ ಕೊಟ್ಟು ವರಿಸಬೇಕಾದ ಗಂಡು ಕಾರಿನ ಕೀ ತೆಗೆದುಕೊಂಡು ಫೋಟೋಕ್ಕೆ ನಿಲ್ಲುವುದನ್ನು ನೋಡುವಾಗ ಉಸ್ತಾದರಾದ ನಮಗೆ ನಾಚಿಕೆಯಾಗುತ್ತದೆ.

ಕೊನೆಯದಾಗಿ, ಕಾರು ಮಾರುವವರಲ್ಲಿ ಒಂದು ವಿನಂತಿ. ಗಾಡಿ ಕೊಡುವ ದಿನ ಒಂದು ಕಾಗದ ತೆಗೆದುಕೊಳ್ಳಿ. ಯಾವಾಗ ಆಯಿಲ್ ಬದಲಿಸಿದ್ದು, ಎಲ್ಲಿ ಗುದ್ದಿದ್ದು, ಯಾವ ಶಬ್ದ ಬರುತ್ತದೆ, ಯಾವ ಸಾಮಾನು ಬೇಗನೆ ಹಾಕಿಸಬೇಕಾಗಬಹುದು ಎಂದು ಬರೆದು ಕೀಯ ಜೊತೆ ಕೊಡಿ. ಐದು ಹತ್ತು ಸಾವಿರ ಕಡಿಮೆ ಸಿಗಬಹುದು. ಆದರೆ ಕೊಡುವವನೂ ಕೊಳ್ಳುವವನೂ ಸತ್ಯ ನುಡಿದು ದೋಷ ತಿಳಿಸಿದರೆ ಆ ವ್ಯವಹಾರದಲ್ಲಿ ಬರ್ಕತ್ ಇರುತ್ತದೆ, ಮುಚ್ಚಿಟ್ಟರೆ ಬರ್ಕತ್ ಅಳಿಸಿಹೋಗುತ್ತದೆ ಎಂದು ಪ್ರವಾದಿಯವರು (ಸ.ಅ.) ಕಲಿಸಿದ್ದಾರೆ. ಆ ಒಂದು ಕಾಗದ ಸಿಕ್ಕಿದವನು ಬೆಲ್ಟನ್ನು ಸಮಯಕ್ಕೆ ಬದಲಿಸುತ್ತಾನೆ, ತುಕ್ಕನ್ನು ಮೊದಲೇ ಹಿಡಿಸುತ್ತಾನೆ. ಗಾಡಿ ಇನ್ನೂ ಐದಾರು ವರ್ಷ ಓಡುತ್ತದೆ. ರಸ್ತೆಯಲ್ಲಿ ಎದುರಾದಾಗ ಇಬ್ಬರೂ ಗಾಡಿ ನಿಲ್ಲಿಸಿ ಸಲಾಂ ಹೇಳಬಹುದು.